ಕೊಳೆರೋಗದ ಪಾಠದಲ್ಲಿ ಕೋಲ್ಮನ್

ಬೋಧನಾಭ್ಯಾಸದ ಎರಡನೆಯ ವಾರ ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಬೆಳೆ ಸಂರಕ್ಷಣೆಯ ಪಾಠ ನನ್ನ ಪಾಲಿಗೆ ಬಂತು. ಪೀಠಿಕೆಗೆಂದು ಅಡಿಕೆಗೆ ಬರುವ ರೋಗಗಳ ಹೆಸರು ಕೇಳಿದೆ. ಮಕ್ಕಳು ಕೊಳೆ, ಎಲೆಚುಕ್ಕೆ, ಹಿಡಿಮುಂಡಿಗೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಎಲೆಚುಕ್ಕೆಯಿಂದ ಅರ್ಧ ತೋಟ ಹೋಗಿದೆ, ಅಪ್ಪ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದಾರೆ ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಹೇಳಿದ. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಔಷಧಿ ಹೊಡೆದರೆ ರೋಗ ಹತೋಟಿಗೆ ಬರುತ್ತದೆ ಎಂದು ಹೇಳಿ ಮುಂದಕ್ಕೆ ಹೋದೆ. ಆಗ ಒಬ್ಬ ಹುಡುಗಿ ಎದ್ದು, ಔಷಧಿಯೇ ಬೇಡದಂಥ ಅಡಿಕೆ ಮರ ಇಲ್ಲವೇ ಟೀಚರ್ ಎಂದು ಕೇಳಿದಳು. ಉತ್ತರ ತೋಚದೆ ಕಪ್ಪುಹಲಗೆಯ ಕಡೆ ತಿರುಗಿದೆ. ನನ್ನ ಮಾರ್ಗದರ್ಶಕರು ಅದನ್ನು ಗುರುತು ಹಾಕಿಕೊಂಡರು.

ಮರುದಿನದ ಪಾಠವನ್ನು ಒಬ್ಬ ಮನುಷ್ಯನ ಬದುಕಿನಿಂದ ಕಟ್ಟಿದೆ. ಆತನ ಹೆಸರು ಲೆಸ್ಲಿ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯಲ್ಲಿ ಸಂಶೋಧನೆ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಆಗ ಅವರಿಗೆ ಮೂವತ್ತು ವರ್ಷ. ಕೀಟಗಳು ಮತ್ತು ಶಿಲೀಂಧ್ರಗಳು, ಎರಡರ ಹೊಣೆಯೂ ಅವರದೇ. ಬಯಲುಸೀಮೆಯ ಜೋಳ ತಿನ್ನುತ್ತಿದ್ದ ರೆಕ್ಕೆಯಿಲ್ಲದ ಮಿಡತೆಗೆ ಸ್ಪೇನಿನ ಕೀಟತಜ್ಞರೊಬ್ಬರು ಇವರ ಹೆಸರನ್ನೇ ಸೇರಿಸಿ ಕೋಲ್ಮೇನಿಯಾ ಎಂದು ಕರೆದಿದ್ದಾರೆ. ಇದನ್ನು ಕೇಳಿ ಮಕ್ಕಳು ನಕ್ಕರು. ಮಿಡತೆಗೆ ಹೆಸರಾಗುವುದು ಅವರಿಗೆ ಅಂಥ ದೊಡ್ಡ ಗೌರವವಾಗಿ ಕಾಣಲಿಲ್ಲ!

ಮಲೆನಾಡಿಗೆ ಸಂಬಂಧಿಸಿದ್ದು ಅವರ ಕೊಳೆರೋಗದ ಕೆಲಸ. ಮುಂಗಾರು ಹಿಡಿದು ಹೊಡೆದರೆ ಸಾಗರ, ತೀರ್ಥಹಳ್ಳಿ, ಹೊಸನಗರಗಳ ತೋಟಗಳಲ್ಲಿ ಹಸಿ ಅಡಿಕೆ ಕೊಳೆತು ಉದುರುತ್ತಿತ್ತು. ಅದಕ್ಕೆ ರೈತರ ಬಳಿಯಿದ್ದ ಉಪಾಯ ಕೊಟ್ಟೆ ಕಟ್ಟುವುದು: ಹುಲ್ಲಿನಿಂದ ಹೆಣೆದ ಹೊದಿಕೆಯನ್ನು ಕೊನೆಗಾರ ಮರ ಹತ್ತಿ ಒಂದೊಂದು ಕೊನೆಗೂ ಕಟ್ಟಬೇಕಿತ್ತು. ನನ್ನ ಅಜ್ಜನ ಮನೆಯ ಅಟ್ಟದಲ್ಲಿ ಹಳೆಯ ಕೊಟ್ಟೆಯೊಂದು ಬಹಳ ಕಾಲ ಬಿದ್ದಿತ್ತು, ಅದು ಏನೆಂದು ನನಗೆ ಅರ್ಥವಾದದ್ದು ಈ ಪಾಠಕ್ಕೆ ತಯಾರಿ ಮಾಡುವಾಗ. ಕೋಲ್ಮನ್ ರೋಗದ ಕಾರಣವನ್ನು ಹುಡುಕಿದರು. ಅದು ಫೈಟಾಫ್ತೊರ ಎಂಬ ಕುಲದ ಜೀವಿ, 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯನ್ನು ಕೊಳೆಸಿ ಕ್ಷಾಮ ತಂದ ಕುಲ ಅದೇ. ಇದರ ಬೀಜಕಗಳು ನೀರಿನ ತೆಳುಪದರದಲ್ಲಿ ಈಜಬಲ್ಲವು. ಆದ್ದರಿಂದ ಜಡಿಮಳೆ ಅದಕ್ಕೆ ಹಬ್ಬ. ಕೊಟ್ಟೆ ಏಕೆ ಕೆಲಸ ಮಾಡುತ್ತಿತ್ತು ಎಂದು ಮಕ್ಕಳನ್ನೇ ಕೇಳಿದೆ. ಕಾಯಿ ಒದ್ದೆಯಾಗುವುದಿಲ್ಲ ಎಂಬ ಉತ್ತರ ತಕ್ಷಣ ಬಂತು.

1910ರಲ್ಲಿ ಅವರ ವರದಿ ಅಚ್ಚಾಯಿತು. ಪರಿಹಾರವಾಗಿ ಆರಿಸಿಕೊಂಡದ್ದು ಬೋರ್ಡೊ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು 1885ರ ಸುಮಾರಿಗೆ ಬಳಕೆಗೆ ಬಂದಿದ್ದ ಮೈಲುತುತ್ತ, ಸುಣ್ಣದ ಮಿಶ್ರಣ ಅದು. ಮಲೆನಾಡಿನ ಮಳೆಗೆ ಅದು ತೊಳೆದುಹೋಗದಂತೆ ರಾಳ ಮತ್ತು ಸೋಡದ ಅಂಟನ್ನು ಸೇರಿಸಿದರು. ಇಂದಿಗೂ ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಲೆಕ್ಕ ತರಗತಿಯ ಮುಕ್ಕಾಲು ಪಾಲು ಮಕ್ಕಳಿಗೆ ಬಾಯಿಪಾಠವಾಗಿತ್ತು. ಮಳೆಗೆ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಎಂಬುದೂ ಗೊತ್ತಿತ್ತು. ಇಲ್ಲಿ ನಾನು ಕಲಿಸಿದ್ದು ಕಡಿಮೆ.

ಮುಂದೆ ಅವರು ಮೈಸೂರಿನ ಮೊದಲ ಕೃಷಿ ನಿರ್ದೇಶಕರಾದರು. ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಶ್ರೀಗಂಧದ ಸ್ಪೈಕ್ ರೋಗ ಕಸಿಯ ಮೂಲಕ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುತ್ತದೆಂದು ತೋರಿಸಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲೇ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಬಾಳೆಹೊನ್ನೂರಿನಲ್ಲಿ. ರೋಗನಿರೋಧಕ ಗುಣವೂ ಮೆಂಡೆಲನ ನಿಯಮದಂತೆ ವಂಶವಾಹಿಯಾಗಿ ಇಳಿದು ಬರುತ್ತದೆಂದು ಇಂಗ್ಲೆಂಡಿನ ಬಿಫೆನ್ 1905ರಲ್ಲಿ ಗೋಧಿಯಲ್ಲಿ ತೋರಿಸಿದ್ದರು. ಕೋಲ್ಮನ್ ಇಲ್ಲಿಗೆ ಬಂದಾಗ ಆ ಅರಿವಿಗೆ ಮೂರೇ ವರ್ಷ. ಕಾಫಿ ತೋಟಗಳನ್ನು ಎಲೆತುಕ್ಕು ರೋಗ ತಿನ್ನುತ್ತಿತ್ತು. ತುಕ್ಕು ಹಿಡಿದ ಗಿಡಗಳ ನಡುವೆ ಹಸಿರಾಗಿ ನಿಂತಿದ್ದ ಒಂದು ಗಿಡದಿಂದ ಕೆಂಟ್ ಎಂಬ ತೋಟಗಾರರು ಒಂದು ತಳಿ ಬೆಳೆಸಿದರು. ಕೆಲ ವರ್ಷಗಳಲ್ಲಿ ತುಕ್ಕಿನ ಬೇರೊಂದು ಬಗೆ ಬಂದು ಅದನ್ನೂ ಸೋಲಿಸಿತು. ಬಾಳೆಹೊನ್ನೂರಿನವರು ಲೈಬೀರಿಕ ಜಾತಿಯ ರಕ್ತವಿದ್ದ ಎಸ್.288 ತಳಿಯನ್ನು ಕೆಂಟ್ಸ್ ಜೊತೆ ಬೆರೆಸಿದರು. ಹೀಗೆ 1940ರ ದಶಕದಲ್ಲಿ ಎಸ್.795 ಬಂತು. ಅಷ್ಟು ಹೊತ್ತಿಗೆ ಕೋಲ್ಮನ್ 1934ರಲ್ಲಿ ನಿವೃತ್ತರಾಗಿ ಊರಿಗೆ ಮರಳಿದ್ದರು. 1954ರಲ್ಲಿ ಕೆನಡಾದಲ್ಲೇ ತೀರಿಕೊಂಡರು.

ಕಾಫಿಗೆ ಆದದ್ದು ಅಡಿಕೆಗೆ ಏಕಾಗಲಿಲ್ಲ ಎಂಬುದನ್ನು ನಾನು ಮರೆಮಾಚಲಿಲ್ಲ. ಅಡಿಕೆ ಫಲ ಬಿಡಲು ಐದಾರು ವರ್ಷ ಬೇಕು. ಒಂದೇ ಹೊಂಬಾಳೆಯಲ್ಲಿ ಗಂಡು ಹೂ ಮೊದಲು ಅರಳಿ ಮುಗಿಯುತ್ತದೆ, ಹೆಣ್ಣು ಹೂ ಆಮೇಲೆ. ಹೀಗಾಗಿ ಬೇರೆ ಮರದ ಪರಾಗ ಬೆರೆತು ಒಂದು ಮರದ ಒಳ್ಳೆಯ ಗುಣ ಮಕ್ಕಳಿಗೆ ಹಾಗೇ ಬರುವುದಿಲ್ಲ. ಕಸಿ ಕಟ್ಟಲಿಕ್ಕೂ ಬರುವುದಿಲ್ಲ. ಕೋಲ್ಮನ್ ಸಿಂಪಡಣೆಯನ್ನು ಹಿಡಿದದ್ದು ಆ ವರ್ಷದ ಫಸಲು ಉಳಿಯಬೇಕಿತ್ತೆಂದು ಎಂಬುದು ನನ್ನ ಅನಿಸಿಕೆ. ಇದನ್ನು ನನ್ನ ಅನಿಸಿಕೆ ಎಂದೇ ಮಕ್ಕಳಿಗೆ ಹೇಳಿದೆ.

ಮೌಲ್ಯಮಾಪನಕ್ಕೆ ಪ್ರಶ್ನೆ ಕೊಡದೆ ಒಂದು ಕೆಲಸ ಕೊಟ್ಟೆ. ಮನೆಯ ತೋಟದಲ್ಲಿ ಸುತ್ತ ಎಲ್ಲಕ್ಕೂ ಚುಕ್ಕೆ ಬಂದಿದ್ದರೂ ಕಡಿಮೆ ಬಂದಿರುವ ಮರವಿದ್ದರೆ ಗುರುತು ಮಾಡಿ ಬನ್ನಿ, ಬಿಸಿಲು ಗಾಳಿ ಹೆಚ್ಚಿರುವ ಜಾಗವೇ ಎಂಬುದನ್ನೂ ಬರೆಯಿರಿ, ಮರದ ಗುಣವಲ್ಲದೆ ಜಾಗದ ಗುಣವೂ ಇರಬಹುದು ಎಂದೆ. ಏಳು ಮಕ್ಕಳು ಬರೆದು ತಂದರು. ಬೆಂಗಳೂರಿಗೆ ಅಪ್ಪನನ್ನು ಕಳಿಸಿದ ಹುಡುಗ ಎರಡು ಮರಗಳಿಗೆ ಕೆಂಪು ದಾರ ಕಟ್ಟಿ ಬಂದಿದ್ದ. ಒಂದು ತೋಟದ ಅಂಚಿನಲ್ಲಿತ್ತು, ಅದನ್ನು ಅವನೇ ಹೊಡೆದುಹಾಕಿದ. ಇನ್ನೊಂದು ನಡುವೆ ಇದೆ. ಮುಂದಿನ ಮಳೆಗಾಲ ಕಳೆದ ಮೇಲೆ ಮತ್ತೆ ನೋಡಬೇಕು. ನನ್ನ ಅಭ್ಯಾಸದ ಅವಧಿ ಮುಗಿದದ್ದರಿಂದ ಆ ಪುಸ್ತಕವನ್ನು ಶಾಲೆಯ ವಿಜ್ಞಾನ ಶಿಕ್ಷಕಿಯವರಿಗೆ ಕೊಟ್ಟು ಬಂದಿದ್ದೇನೆ.