ಕಿಟೆಲ್ ಸಾಹೇಬರು ಮತ್ತು ನನ್ನ ಸ್ಪೆಲ್ಲಿಂಗ್



ಈ ಸಲ ಗೋಡೆ ಪತ್ರಿಕೆಗೆ ಮಹಾಪುರುಷರ ಜೀವನ ಬರೆಯುವ ಪಾಳಿ ನನ್ನದು. ಗಾಂಧೀಜಿ, ಬಸವಣ್ಣ, ಕಿತ್ತೂರು ಚನ್ನಮ್ಮ ಎಲ್ಲಾ ಆಗಿ ಹೋಗಿವೆ. ಅದಕ್ಕೆ ನಾನು ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಅವರನ್ನು ಆರಿಸಿಕೊಂಡೆ. ಅವರೇ ಯಾಕೆ ಅಂದರೆ ಮೊದಲು ನನ್ನ ತಪ್ಪು ಹೇಳಬೇಕಾಗುತ್ತದೆ.

ಹೋದ ವರ್ಷ ಅಪ್ಪ ಒಂದು ಫಾರ್ಮು ತಂದು, ಊರ ಹೆಸರು ಇಂಗ್ಲಿಷಿನಾಗ ನೀನೇ ತುಂಬು ಅಂದ. ನಾನು ಕೆ ಓ ಎಲ್ ಎ ಆರ್ ಅಂತ ಬರೆದೆ. ನಡುವಿನ ಎಚ್ ಬಿಟ್ಟುಬಿಟ್ಟೆ. ಅದು ಕೊಲ್ಹಾರ ಅಲ್ಲ, ಕೋಲಾರ ಆಯಿತು! ಚಿನ್ನದ ಗಣಿಗೆ ಹೆಸರಾದ ಆ ಕೋಲಾರ ಎಲ್ಲಿ, ಗಡಿಗೆ ಮೊಸರಿನ ನಮ್ಮ ಕೊಲ್ಹಾರ ಎಲ್ಲಿ! ಅದನ್ನು ತಿದ್ದಿಸಲಿಕ್ಕೆ ಅಪ್ಪ ಎರಡು ಸಲ ವಿಜಯಪುರಕ್ಕೆ ಹೋಗಿ ಬಂದ. ಎರಡು ದಿನದ ಕೂಲಿ ಹೋಯಿತು. ಅಪ್ಪ ನನಗೆ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಅನಿಸಿತು.

ಅವತ್ತಿನಿಂದ ಇಂಗ್ಲಿಷ್ ಪಿರೇಡ್ ಅಂದರೆ ನನಗೆ ಅಂಜಿಕೆ. ಹತ್ತು ಶಬ್ದದ ಉಕ್ತಲೇಖನದಲ್ಲಿ ಮೂರೇ ಸರಿ ಬಂದವು. ವೆನ್ಸ್‌ಡೇ ಬರೆಯುವಾಗ ನಡುವಿನ ಡಿ ಮರೆತೆ. ನೈಫ್ ಎಂಬುದಕ್ಕೆ ಮೊದಲು ಕೆ ಹಾಕಲಿಲ್ಲ. ನೈಟ್‌ನಲ್ಲಿ ಜಿ ಎಚ್ ಬಿಟ್ಟೆ. ಫೆಬ್ರವರಿಯಲ್ಲಿ ಮೊದಲನೇ ಆರ್ ಹೋಯಿತು. ಕನ್ನಡದಲ್ಲಿ ನಾವು ಅಂದಂಗ ಬರೀತೇವಿ, ಬರೆದಂಗ ಓದತೇವಿ. ಇಂಗ್ಲಿಷ್ ಸುಳ್ಳು ಹೇಳುವ ಭಾಷೆ ಅಂತ ನಾನು ಸರ್ ಮುಂದೆ ಅಂದೇಬಿಟ್ಟೆ. ಸರ್ ಸಿಟ್ಟಾಗಲಿಲ್ಲ. ಮರುದಿನ ಒಂದು ದಪ್ಪ ಪುಸ್ತಕ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟರು. ಅದು ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು.

ಕಿಟೆಲ್ ಇಂಗ್ಲಿಷರವರು ಅಂತ ನಾನು ತಿಳಿದಿದ್ದೆ. ಅಲ್ಲ! ಅವರು 1832ರಲ್ಲಿ ಜರ್ಮನಿಯ ಉತ್ತರ ಭಾಗದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಪಾದ್ರಿಗಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಮಿಶನರಿ ಶಿಕ್ಷಣ ಪಡೆದು 1853ರಲ್ಲಿ ನಮ್ಮ ನಾಡಿಗೆ ಬಂದರು. ಆಗ ಅವರಿಗೆ 21 ವಯಸ್ಸು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದರು. ಬಂದದ್ದು ತಮ್ಮ ಧರ್ಮ ಹೇಳಲಿಕ್ಕೆ, ಆದರೆ ಮನಸ್ಸು ಕೊಟ್ಟದ್ದು ಕನ್ನಡಕ್ಕೆ. 1862ರಲ್ಲಿ ಕಥಾಮಾಲೆ ಎಂಬ ಕಾವ್ಯವನ್ನು ಕನ್ನಡದಲ್ಲೇ ಬರೆದರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಇಂಥ ಹಳಗನ್ನಡ ಗ್ರಂಥಗಳನ್ನು ಶೋಧಿಸಿ ಅಚ್ಚು ಹಾಕಿಸಿದರು. ಮೊದಲನೇ ಹೆಂಡತಿ ಪೌಲಿನ್ ಇಲ್ಲಿಯೇ ತೀರಿಕೊಂಡರು. ಮುಂದೆ ಅವರ ತಂಗಿಯನ್ನು ಮದುವೆಯಾದರು. ನಡುವೆ ಕೆಲವು ವರ್ಷ ತಾಯ್ನಾಡಿಗೆ ಹೋಗಿ, ಮತ್ತೆ ಬಂದು ಕೆಲಸ ಹಿಡಿದರು.

ಆ ಕೆಲಸವೇ ನಿಘಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಅದನ್ನು ಪ್ರಕಟಿಸಿದರು. ಸುಮಾರು 70,000 ಶಬ್ದಗಳು, 1,700ಕ್ಕೂ ಹೆಚ್ಚು ಪುಟಗಳು. ಹಳ್ಳಿಯವರ ಗಾದೆಮಾತೂ ಇವೆ, ಕವಿಗಳ ಶಬ್ದವೂ ಇವೆ. ನನಗೆ ಒಂದು ಪಾಠದ ಹತ್ತು ಶಬ್ದ ಬರೆದರೆ ಕೈ ನೋಯುತ್ತದೆ.

ಈಗ ಸ್ಪೆಲ್ಲಿಂಗ್ ಮಾತು. ಕಿಟೆಲ್ ಅವರ ತಾಯಿಭಾಷೆ ಜರ್ಮನ್. ಕನ್ನಡವನ್ನೂ ಕಲಿತರು, ಇಂಗ್ಲಿಷನ್ನೂ ಕಲಿತರು. ಅಂದರೆ ಎರಡೂ ಅವರ ಮನೆ ಮಾತಲ್ಲ, ಆದರೂ ಒಂದರ ಅರ್ಥವನ್ನು ಇನ್ನೊಂದರಲ್ಲಿ ಬರೆದರು. ಸರ್ ಹೇಳಿದ್ದು ಏನಂದರೆ ಜರ್ಮನ್ ಮತ್ತು ಇಂಗ್ಲಿಷ್ ಅಕ್ಕತಂಗಿ ಇದ್ದಂಗ. ಮೊಣಕಾಲಿಗೆ ಇಂಗ್ಲಿಷಿನವರು ಕೆ ಬರೆದು ನೀ ಅಂತಾರೆ, ಜರ್ಮನಿಯವರು ಇವತ್ತಿಗೂ ಕೆ ಉಚ್ಚಾರ ಮಾಡಿ ಕ್ನೀ ಅಂತಾರೆ. ರಾತ್ರಿಗೆ ಇವರು ನೈಟ್, ಅವರು ನಖ್ಟ್. ಮಗಳಿಗೆ ಇವರು ಡಾಟರ್, ಅವರು ಟೊಖ್ಟರ್. ಇಂಗ್ಲಿಷಿನ ಸುಮ್ಮನಿರುವ ಜಿ ಎಚ್ ಹಿಂದಿನ ಕಾಲದಲ್ಲಿ ಗಂಟಲಿನಿಂದ ಹಿಂಗೇ ಸಪ್ಪಳ ಮಾಡುತ್ತಿತ್ತಂತೆ! ವೆನ್ಸ್‌ಡೇ ಅಂದರೆ ವೋಡೆನ್ ಎಂಬ ಅವರ ಹಳೇ ದೇವರ ದಿನ, ಆ ಡಿ ದೇವರ ಹೆಸರಿನದು. ಇಂಗ್ಲೆಂಡಿಗೆ ಅಚ್ಚಿನ ಯಂತ್ರ ಬಂದದ್ದು 1476ರಲ್ಲಿ. ಬರೆಯುವ ರೀತಿ ಮೆಲ್ಲಗೆ ಗಟ್ಟಿಯಾಯಿತು, ಆಡುವ ನಾಲಿಗೆ ಮುಂದೆ ಹೋಯಿತು. ನಮ್ಮ ಹಳೇ ಕೊಲ್ಹಾರ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು, ಹೆಸರು ಮಾತ್ರ ಹೊಸ ಊರಿಗೆ ಉಳಿಯಿತಲ್ಲ, ಹಂಗೆ ಇದು.

ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ ಎಂಬ ಮಾಸ್ತರರು 1783ರಲ್ಲಿ ಮಕ್ಕಳಿಗೆ ಸ್ಪೆಲ್ಲಿಂಗ್ ಪುಸ್ತಕ ಮಾಡಿದರು. 1828ರಲ್ಲಿ ನಿಘಂಟು ತಂದರು, ಅದರಲ್ಲೂ ಸುಮಾರು 70,000 ಶಬ್ದಗಳೇ. ಕಲರ್ ಶಬ್ದದ ಯು ತೆಗೆದುಹಾಕಿದರು. ಅದು ಅಲ್ಲಿ ನಡೆಯಿತು. ನಾಲಿಗೆ ಎಂಬರ್ಥದ ಟಂಗ್ ಶಬ್ದವನ್ನು ಟಿ ಯು ಎನ್ ಜಿ ಅಂತ ಬರೆಯಿರಿ ಅಂದರು, ಜನ ಒಪ್ಪಲಿಲ್ಲ. ಒಪ್ಪಿದ್ದರೆ ನನಗೆ ಒಂದು ಮಾರ್ಕು ಸಿಗುತ್ತಿತ್ತು.

ಕಿಟೆಲ್ ನಿಘಂಟಿನಲ್ಲಿ ನಾನು ಮೊದಲು ಹುಡುಕಿದ್ದು ಮೊಸರು, ಆಮೇಲೆ ಗಡಿಗೆ. ಪ್ರತಿ ಶಬ್ದದ ಮುಂದೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿಯೂ ಬರೆದಿದ್ದಾರೆ. ಗಡಿಗೆಯ ಡಿ ಕೆಳಗೆ ಒಂದು ಚುಕ್ಕಿ ಇದೆ. ದೀರ್ಘ ಸ್ವರದ ಮೇಲೆ ಒಂದು ಗೀಟು. ಲ ಬರೆಯಲು ಬರೀ ಎಲ್, ಳ ಬರೆಯಲು ಚುಕ್ಕಿ ಇರುವ ಎಲ್. ಚುಕ್ಕಿ ಬಿಟ್ಟರೆ ಜೋಳದ ಕಾಳು ಹೋಗಿ ಜೋಳದ ಕಾಲು ಆಗುತ್ತದೆ! ಅಂದರೆ ಅದೇ ಎ ಬಿ ಸಿ ಡಿ ಅಕ್ಷರಗಳು ಕನ್ನಡ ಬರೆಯುವಾಗ ಒಂದಕ್ಕೆ ಒಂದೇ ಉಚ್ಚಾರ ಇಟ್ಟುಕೊಂಡು ಶಿಸ್ತಿನಿಂದ ನಿಂತಿವೆ. ಇಷ್ಟು ಪುಟಗಳಲ್ಲಿ ಚುಕ್ಕಿ ಚುಕ್ಕಿ ನೋಡಿ ತಿದ್ದಿದವರ ಕಣ್ಣು ಏನಾಗಿರಬೇಕು ಅಂತ ನನಗೆ ಬಹಳ ಅನಿಸಿತು. ನಾನು ಒಂದು ಎಚ್ ನೋಡಲಿಲ್ಲ.

ಕಿಟೆಲ್ 1892ರಲ್ಲಿ ಜರ್ಮನಿಗೆ ಹೋದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರ್ ಪದವಿ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪುಸ್ತಕ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಪ್ರತಿಮೆ ಇದೆ.

ನಾನು ಈಗ ಕಲಿಯುವ ರೀತಿ ಹೀಗಿದೆ. ಸುಮ್ಮನಿರುವ ಅಕ್ಷರವನ್ನು ಮನಸ್ಸಿನಲ್ಲಿ ಜರ್ಮನಿಯವರಂತೆ ಒದರುತ್ತೇನೆ. ಕ್ನೈಫ್, ವೆಡ್ ನೆಸ್ ಡೇ, ಫೆಬ್ ರು ಅರಿ. ಆಮೇಲೆ ಪಾಟಿಯ ಮೇಲೆ ಬರೆದು, ಅಳಿಸಿ, ನೋಡದೆ ಮತ್ತೆ ಬರೆಯುತ್ತೇನೆ. ಮನೆಯಲ್ಲಿ ತಮ್ಮ ನಗುತ್ತಾನೆ. ಹೋದ ವಾರ ಹತ್ತರಲ್ಲಿ ಏಳು ಸರಿ ಬಂದವು. ರಿಸೀವ್ ಇನ್ನೂ ತಪ್ಪುತ್ತದೆ, ಇ ಮೊದಲೋ ಐ ಮೊದಲೋ ಅಂತ ಕೈ ನಿಲ್ಲುತ್ತದೆ. ಸಿ ಆದಮೇಲೆ ಇ ಮೊದಲು ಅಂತ ಸರ್ ಹೇಳಿದ್ದಾರೆ.

ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇನೆ. ನಿಮಗೆ ಯಾವ ಶಬ್ದ ತಪ್ಪುತ್ತದೆ ಅದನ್ನು ಬರೀರಿ. ಪೆನ್ಸಿಲ್ಲಿನಿಂದ ಬರೀರಿ, ತಿದ್ದಲಿಕ್ಕೆ ಬರುತ್ತದೆ.

7ನೇ ತರಗತಿ ವಿದ್ಯಾರ್ಥಿ, ಕೊಲ್ಹಾರ