ಪರದೆಯ ಹಿಂದಿನ ಪ್ರಯೋಗಶಾಲೆ

ರೋಣ, ನರಗುಂದ, ಗಜೇಂದ್ರಗಡಗಳ ಎರೆಸೀಮೆಯಲ್ಲಿ ಬಾವಿ ತೋಡಿದರೆ ಅನೇಕ ಕಡೆ ಸವಳುನೀರು. ಆದುದರಿಂದ ತಲೆತಲಾಂತರದಿಂದ ಊರ ಕೆರೆಯೇ ಜನರ ಬಾಯಾರಿಕೆಯನ್ನು ತಣಿಸುತ್ತ ಬಂದಿತು. ನೀರನ್ನು ಕಣ್ಣಿನಿಂದ ನೋಡಿ, ನಾಲಿಗೆಯಿಂದ ಸವಿದು ಒಳಿತು ಕೆಡುಕುಗಳನ್ನು ನಿರ್ಣಯಿಸುವುದು ಹಿರಿಯರ ರೂಢಿ. ಕಣ್ಣಿಗೂ ನಾಲಿಗೆಗೂ ಸಿಕ್ಕದ ಮೃತ್ಯುವೊಂದು ನೀರಿನಲ್ಲಿ ಅಡಗಿರುವುದನ್ನು ನಮ್ಮ ದೇಶದ್ದೇ ಆದ ಒಂದು ಕೆರೆಯಲ್ಲಿ ತೋರಿಸಿಕೊಟ್ಟವನು ಜರ್ಮನಿಯ ರಾಬರ್ಟ್ ಕಾಕ್.

1843ರ ಡಿಸೆಂಬರ್ 11ರಂದು ಕ್ಲೌಸ್ತಾಲ್ ಎಂಬ ಗಣಿಯೂರಿನಲ್ಲಿ ಹುಟ್ಟಿದ ಕಾಕ್, ವೈದ್ಯವಿದ್ಯೆಯನ್ನು ಕಲಿತು ವೋಲ್‌ಸ್ಟೈನ್ ಎಂಬ ಚಿಕ್ಕ ಊರಿನಲ್ಲಿ ಸರಕಾರಿ ವೈದ್ಯನಾದನು. ರೋಗಿಗಳನ್ನು ನೋಡುವ ಕೋಣೆಯನ್ನೇ ಪರದೆಯಿಂದ ಇಬ್ಭಾಗಿಸಿ, ಹಿಂಬದಿಯಲ್ಲಿ ತನ್ನ ಸೂಕ್ಷ್ಮದರ್ಶಕವನ್ನಿಟ್ಟುಕೊಂಡನು. ಗಾಜಿನ ತುಣುಕು, ಅದಕ್ಕೆ ಜೋತ ಒಂದು ಹನಿ: ಆತನ ಪ್ರಯೋಗಶಾಲೆಯೆಂದರೆ ಇಷ್ಟೆ. ದನಕುರಿಗಳನ್ನು ಕೊಲ್ಲುವ ನೆರಡಿ ರೋಗದ ಜೀವಾಣುವಿನ ಬಾಳ್ವೆಯನ್ನು ಆ ಹನಿಯಲ್ಲಿಯೇ ಕಂಡು 1876ರಲ್ಲಿ ಲೋಕಕ್ಕೆ ಸಾರಿದನು.

ದ್ರವದಲ್ಲಿ ಹಲವು ಜಾತಿಯ ಜೀವಾಣುಗಳು ಕಲಸಿಹೋಗುತ್ತವೆ. ಗಟ್ಟಿಯಾದ ನೆಲೆಯಲ್ಲಿ ಒಂದೊಂದೂ ಬಿದ್ದಲ್ಲಿಯೇ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಬೇಯಿಸಿದ ಆಲೂಗಡ್ಡೆಯ ಹೋಳಿನಿಂದ ಆತನು ಕಲಿತ ಪಾಠವಿದು. ಬಳಿಕ ಜಿಲಟಿನ್ ಬಂದಿತು. ಬಿಸಿಗೆ ಅದು ಕರಗಲು, ಅಡಿಗೆಮನೆಯ ಅಗರ್ ಆಗಬಹುದೆಂದು ಸೂಚಿಸಿದವಳು ಸಹಾಯಕನೊಬ್ಬನ ಹೆಂಡತಿ ಫ್ಯಾನಿ ಹೆಸ್ಸೆ. ಆಕೆಯ ಹೆಸರನ್ನು ಪಠ್ಯಪುಸ್ತಕಗಳು ಮರೆತದ್ದು ನ್ಯಾಯವಲ್ಲ.

1883ರಲ್ಲಿ ಕಾಲರಾ ಬೇನೆಯ ಬೆನ್ನುಹತ್ತಿ ಆತನು ಈಜಿಪ್ಟಿಗೆ ಹೋದನು. ಅದೇ ಶೋಧಕ್ಕೆ ಬಂದಿದ್ದ ಫ್ರಾನ್ಸಿನ ತರುಣ ತ್ವಿಲಿಯೇ ಅದೇ ಬೇನೆಗೆ ಬಲಿಯಾದನು. ಅಲ್ಲಿ ರೋಗ ಇಳಿಯುತ್ತಲೆ ಕಾಕ್ ಕಲಕತ್ತೆಗೆ ಬಂದನು. ಅಲ್ಲೊಂದು ಕೆರೆ. ರೋಗಿಯ ಬಟ್ಟೆಗಳನ್ನು ಅದರಲ್ಲಿಯೇ ಒಗೆಯುತ್ತಿದ್ದರು. ಮೀಯುವುದು ಅಲ್ಲಿಯೇ, ಕುಡಿಯುವುದೂ ಅದನ್ನೇ. 1884ರ ಫೆಬ್ರುವರಿಯಲ್ಲಿ ಆ ನೀರಿನಲ್ಲಿ, ಅಲ್ಪವಿರಾಮದಂತೆ ಬಾಗಿದ ಜೀವಾಣುಗಳು ಹೇರಳವಾಗಿ ಸಿಕ್ಕವು. ದಂಡೆಯ ಮನೆಗಳಲ್ಲಿ ರೋಗ ಇಳಿದಂತೆ ನೀರಿನಲ್ಲಿಯೂ ಅವು ವಿರಳವಾದವು. ಇಟಲಿಯ ಪಾಚೀನಿ 1854ರಲ್ಲಿಯೇ ಇವನ್ನು ಕಂಡಿದ್ದನು, ನಿಜ, ಕೇಳುವವರಿರಲಿಲ್ಲ.

1892ರಲ್ಲಿ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗಿನಲ್ಲಿ 8,600ಕ್ಕೂ ಮಿಕ್ಕಿ ಜನ ಸತ್ತರು. ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿದ ನೆರೆಯ ಆಲ್ಟೋನಾ ಬಹುಮಟ್ಟಿಗೆ ಉಳಿದುಕೊಂಡಿತು. ಸೋಸಿದ ನೀರಿನಲ್ಲಿ, ಒಂದು ಮಿಲಿಲೀಟರಿಗೆ ನೂರಕ್ಕಿಂತ ಹೆಚ್ಚು ಜೀವಾಣುಗಳಿರಬಾರದೆಂದು ಕಾಕ್ ಮಿತಿ ಹಾಕಿದನು. ಕ್ಷಯಕ್ಕೆ ಮದ್ದೆಂದು 1890ರಲ್ಲಿ ಅವಸರದಿಂದ ಸಾರಿದ ಟ್ಯೂಬರ್ಕ್ಯುಲಿನ್ ಸೋತು ಆತನ ಕೀರ್ತಿಗೆ ಕಲೆಯಾಯಿತು. 1905ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1910ರ ಮೇ 27ರಂದು ತೀರಿಕೊಂಡನು.

ಆತನ ತಟ್ಟೆಗೆ ಒಂದೇ ಕೊರತೆ: ಚುಕ್ಕೆ ಮೂಡಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ಕೊಡ ಬರಿದಾಗಿರುತ್ತದೆ. ಗ್ವಾಲಿಯರಿನ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ, ಕೆಟ್ಟ ನೀರು ಬಿದ್ದರೆ ಕಪ್ಪಾಗುವ ಸೀಸೆ ಹಳ್ಳಿಗಳನ್ನು ಮುಟ್ಟಿತು. ಅದಕ್ಕೂ ದಿನ ಹಿಡಿಯುತ್ತದೆ. ಕೂದಲೆಳೆಯಂಥ ಕಾಲುವೆಗಳುಳ್ಳ ಅಂಗೈಯಗಲದ ಇಂದಿನ ಕಿರು ಪ್ರಯೋಗಶಾಲೆಗಳು ಕೆಲವೇ ಗಂಟೆಗಳಲ್ಲಿ ಉತ್ತರ ಹೇಳಬಲ್ಲವು. ಆದರೆ ಅವು ಹಿಡಿಯುವುದು ಒಂದು ಹನಿ. ಕುಡಿಯುವ ನೀರಿನ ನಿಯಮವಾದರೋ 100 ಮಿಲಿಲೀಟರಿನಲ್ಲಿ ಮಲಮೂಲದ ಒಂದು ಜೀವಾಣುವೂ ಇರಕೂಡದೆನ್ನುತ್ತದೆ. ಅಷ್ಟು ನೀರನ್ನು ಮೊದಲು ಸೋಸಿ, ಇದ್ದುದನ್ನೆಲ್ಲ ಹನಿಗೆ ಇಳಿಸಬೇಕು. ಸತ್ತ ಜೀವಾಣುವನ್ನೂ ಬದುಕಿದ್ದುದನ್ನೂ ಅವುಗಳಲ್ಲಿ ಎಷ್ಟೋ ಉಪಕರಣಗಳು ಬೇರ್ಪಡಿಸಲಾರವು. ಆ ಸಂದೇಹ ಬಂದಾಗ ಇಂದಿಗೂ ಕಾಕನ ತಟ್ಟೆಯನ್ನೇ ತೆರೆದು ನೋಡುತ್ತಾರೆ.