ವಿದ್ಯಾರ್ಥಿ ವಿಶ್ವೇಶ್ವರಯ್ಯನವರು ಹಿಡಿದ ದಾರಿ

ಪದವಿಪೂರ್ವ ತರಗತಿಯನ್ನು ಮುಗಿಸಿದ ಮಗನನ್ನೋ ಮಗಳನ್ನೋ ಮುಂದೆ ಯಾವ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಬೇಕೆಂಬ ಚಿಂತೆ ಇಂದು ಮನೆಮನೆಯಲ್ಲಿಯೂ ಉಂಟು. ಮೈಸೂರು, ಬೆಂಗಳೂರು, ಧಾರವಾಡ, ಕಲಬುರಗಿ, ಮಂಗಳೂರು ಎಂದು ಹೆಸರುಗಳು ಅನೇಕ. ಒಂದೊಂದಕ್ಕೂ ಹೊಗಳುವವರೂ ತೆಗಳುವವರೂ ಅನೇಕ. ಎಳೆಯ ಮನಸ್ಸು ಹೆಸರಿಗೆ ಮರುಳಾಗುತ್ತದೆ. ಹಿರಿಯರ ಮನಸ್ಸು ವೆಚ್ಚಕ್ಕೆ ಅಂಜುತ್ತದೆ. ಇಂತಹ ಸಂದಿಗ್ಧದಲ್ಲಿ ಮಹನೀಯರೊಬ್ಬರ ವಿದ್ಯಾರ್ಥಿಜೀವನವನ್ನು ನೆನೆಯುವುದು ಹಿತಕರ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕನ್ನಂಬಾಡಿ ಕಟ್ಟೆಯ ಶಿಲ್ಪಿಯೆಂದು ನಾಡು ಕೊಂಡಾಡುತ್ತದೆ. ಆದರೆ ಆ ಕಟ್ಟೆಗೂ ಮುಂಚೆ ಅವರು ತಮ್ಮ ಬಾಳಿಗೆ ಹಾಕಿಕೊಂಡ ಅಡಿಪಾಯವೊಂದಿದೆ. ಅದರ ಕಡೆಗೆ ನಮ್ಮ ದೃಷ್ಟಿ ಹರಿಯುವುದು ಕಡಿಮೆ.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿ ಅವರ ಜನ್ಮಸ್ಥಳ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಯಿತ್ತು, ಸಿರಿಯಿರಲಿಲ್ಲ. ಚಿಕ್ಕಂದಿನಲ್ಲಿಯೇ ತಂದೆಯವರನ್ನು ಕಳೆದುಕೊಂಡ ಬಾಲಕನನ್ನು ಸೋದರಮಾವ ರಾಮಯ್ಯನವರು ಬೆಂಗಳೂರಿಗೆ ಕರೆತಂದು ಓದಿಗೆ ಹಚ್ಚಿದರು. ಪ್ರೌಢಶಾಲೆಯ ಅನಂತರ ಸೇರಿದ್ದು ಸೆಂಟ್ರಲ್ ಕಾಲೇಜು. ವೆಚ್ಚಕ್ಕೆ ದಾರಿಯಿಲ್ಲದೆ, ಮೈಸೂರು ಸರ್ಕಾರದಲ್ಲಿ ಅಧಿಕಾರಿಗಳಾಗಿದ್ದ ಕೊಡಗಿನ ಮುದ್ದಯ್ಯ ಎಂಬವರ ಮಕ್ಕಳಿಗೆ ಮನೆಪಾಠ ಹೇಳಿ ಅವರ ಮನೆಯಲ್ಲಿಯೇ ಇರುತ್ತಿದ್ದರು. ಊಟಕ್ಕೆ ಮಾವನ ಮನೆಯವರೆಗೆ ನಡೆದುಹೋಗಿ ಬರುತ್ತಿದ್ದರು. ಕಾಲೇಜಿನ ಪ್ರಾಂಶುಪಾಲರಾದ ಚಾರ್ಲ್ಸ್ ವಾಟರ್ಸ್ ಎಂಬ ಆಂಗ್ಲರು ಈ ಹುಡುಗನ ಗಣಿತಶಕ್ತಿಯನ್ನೂ ಶಿಸ್ತನ್ನೂ ಕಂಡು ಮೆಚ್ಚಿ, ವೆಬ್‌ಸ್ಟರ್ ನಿಘಂಟೊಂದನ್ನು ಬಹುಮಾನವಾಗಿ ಕೊಟ್ಟರು. ಬಡ ವಿದ್ಯಾರ್ಥಿಯ ಪಾಲಿಗೆ ಅದು ದೊಡ್ಡ ನಿಧಿಯೇ ಸರಿ.

ಆ ಕಾಲದ ಸ್ಥಿತಿಯನ್ನು ಇಲ್ಲಿ ಗಮನಿಸಬೇಕು. ಮೈಸೂರು ಸಂಸ್ಥಾನದಲ್ಲಿ ಕಾಲೇಜುಗಳಿದ್ದುವು, ವಿಶ್ವವಿದ್ಯಾನಿಲಯವಿರಲಿಲ್ಲ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ಮೂರು ಮಹಾವಿಶ್ವವಿದ್ಯಾನಿಲಯಗಳೇ ದೇಶದ ಬಹುಭಾಗಕ್ಕೆ ಆಶ್ರಯವಾಗಿದ್ದುವು. ಬೆಂಗಳೂರಿನ ಹುಡುಗ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕುಳಿತರೆ, ಧಾರವಾಡದ ಹುಡುಗ ಮುಂಬಯಿ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕುಳಿತುಕೊಳ್ಳಬೇಕಾಗಿತ್ತು. ಕನ್ನಡಿಗರಿಗೆ ಪಾಠಪಟ್ಟಿಯನ್ನು ಗೊತ್ತುಮಾಡುವವರೂ ಉತ್ತರಪತ್ರಿಕೆಗಳನ್ನು ಅಳೆಯುವವರೂ ಹೊರನಾಡಿನವರೇ. ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಪದವಿಯನ್ನು ಪಡೆದದ್ದು ಮದರಾಸು ವಿಶ್ವವಿದ್ಯಾನಿಲಯದಿಂದಲೇ.

ಇಪ್ಪತ್ತರ ಆಸುಪಾಸಿನ ತರುಣನ ಮುಂದೆ ಆಗ ಹಲವು ದಾರಿಗಳಿದ್ದುವು. ಬಿ.ಎ. ಪದವೀಧರರು ವಿರಳವಾಗಿದ್ದ ಆ ಕಾಲದಲ್ಲಿ ಸರ್ಕಾರದ ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ಕೆಲಸ ದೊರೆಯುವುದು ಕಷ್ಟವಾಗಿರಲಿಲ್ಲ. ತಂದೆಯಿಲ್ಲದ ಸಂಸಾರಕ್ಕೆ ಸಂಬಳವೂ ಬೇಕಾಗಿತ್ತು. ಆದರೆ ಅವರ ಒಲವು ಇಂಜಿನಿಯರಿಂಗ್ ವಿದ್ಯೆಯ ಕಡೆಗಿತ್ತು. ಅದನ್ನು ಕಲಿಸುವ ಕಾಲೇಜು ಮೈಸೂರು ಸಂಸ್ಥಾನದಲ್ಲಿರಲಿಲ್ಲ. ದೇಶದಲ್ಲಿಯೇ ರೂರ್ಕಿ, ಶಿಬ್‌ಪುರ, ಮದರಾಸು, ಪುಣೆ ಎಂದು ಬೆರಳೆಣಿಕೆಯ ವಿದ್ಯಾಲಯಗಳಿದ್ದುವು. ಅವುಗಳಲ್ಲಿ ಒಂದು ಅವರು ಪದವಿ ಪಡೆದ ಮದರಾಸಿನಲ್ಲಿಯೇ ಇತ್ತು. ಪುಣೆಯ ವಿಜ್ಞಾನ ಕಾಲೇಜು ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಅದೇ ವರ್ಷ ರಾಜ್ಯವು ಒಡೆಯರ ವಂಶಕ್ಕೆ ಮರಳಿ, ರಂಗಾಚಾರ್ಲುರವರು ದಿವಾನರಾಗಿದ್ದರು. ಅವರ ಕಾಲದಲ್ಲಿ ಮೈಸೂರು ಸರ್ಕಾರವು ನೀಡಿದ ವಿದ್ಯಾರ್ಥಿವೇತನದಿಂದ ಪುಣೆಯ ದಾರಿ ತೆರೆಯಿತು. ಪರಿಚಿತವಾದ ವಿಶ್ವವಿದ್ಯಾನಿಲಯವನ್ನು ಬಿಟ್ಟು, ಮರಾಠಿ ನುಡಿಯುವ ದೂರದ ಊರಿಗೆ ಆ ತರುಣರು ಹೊರಟರು.

ಫಲವು ಶೀಘ್ರವಾಗಿಯೇ ಕಂಡಿತು. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ ಜೇಮ್ಸ್ ಬರ್ಕ್ಲಿ ಪಾರಿತೋಷಕವನ್ನು ಗಳಿಸಿದರು. 1884ರಲ್ಲಿ ಮುಂಬಯಿ ಸರ್ಕಾರವು ಅವರನ್ನು ಸಹಾಯಕ ಇಂಜಿನಿಯರರನ್ನಾಗಿ ನಿಯಮಿಸಿತು. ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು, ಮೂಸಿ ನದಿಯ ಪ್ರವಾಹದಿಂದ ನೊಂದ ಹೈದರಾಬಾದಿನ ರಕ್ಷಣಾಯೋಜನೆ, ಕನ್ನಂಬಾಡಿ ಕಟ್ಟೆ ಮುಂತಾದ ಮುಂದಿನ ಕೀರ್ತಿಯೆಲ್ಲ ಪುಣೆಯಲ್ಲಿ ಬಿತ್ತಿದ ಬೀಜದ ಬೆಳೆ.

1909ರಲ್ಲಿ ಮುಖ್ಯ ಇಂಜಿನಿಯರರಾಗಿ ಮೈಸೂರಿಗೆ ಮರಳಿ, 1912ರಲ್ಲಿ ದಿವಾನರಾದಾಗ, ತಾವು ಪಟ್ಟ ಪಾಡು ನಾಡಿನ ಮಕ್ಕಳಿಗೆ ಬರಬಾರದೆಂಬ ಸಂಕಲ್ಪವನ್ನು ಕಾರ್ಯರೂಪಕ್ಕೆ ತರುವ ಅಧಿಕಾರ ಅವರಿಗೆ ಒದಗಿತು. ಸ್ವಂತ ವಿಶ್ವವಿದ್ಯಾನಿಲಯವಿಲ್ಲದ ನಾಡು ತನ್ನ ಬುದ್ಧಿಗೆ ತಾನೇ ಒಡೆಯನಾಗಲಾರದೆಂಬುದು ಅವರ ದೃಢನಿಶ್ಚಯ. ಸಿ. ಆರ್. ರೆಡ್ಡಿಯವರೂ ಥಾಮಸ್ ಡೆನ್‌ಹ್ಯಾಮರೂ ಹೊರದೇಶಗಳ ಉನ್ನತ ಶಿಕ್ಷಣದ ವ್ಯವಸ್ಥೆಯನ್ನು ಅಭ್ಯಾಸಮಾಡಿ ನೀಡಿದ ವಿಚಾರಗಳು ಇದಕ್ಕೆ ನೆರವಾದುವು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ 1916ರ ಜುಲೈ ತಿಂಗಳಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮಹಾರಾಜರೇ ಕುಲಾಧಿಪತಿಗಳು, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಮದರಾಸಿನ ಅಧೀನದಲ್ಲಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜ ಕಾಲೇಜೂ ಇದರ ಅಂಗಗಳಾದುವು. ಮರುವರ್ಷ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾಯಿತು. ಯಾವ ವಿದ್ಯೆಗಾಗಿ ತಾವು ನಾಡನ್ನು ಬಿಟ್ಟು ಹೋಗಬೇಕಾಗಿತ್ತೋ ಆ ವಿದ್ಯೆಯನ್ನು ಅವರು ನಾಡಿನ ಮನೆಬಾಗಿಲಿಗೆ ತಂದರು. ಮುಂದೆ 1927ರಲ್ಲಿ ಇದೇ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿಯು ತೆರೆದು, ನಮ್ಮ ನುಡಿಗೂ ಉನ್ನತ ಪೀಠ ದೊರೆಯಿತು.

ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರೂ ಒಳಗೆ ಬರಲಾರರು ಎಂಬುದನ್ನೂ ಇಲ್ಲಿ ಮರೆಮಾಚದೆ ಹೇಳಬೇಕು. ಶುಲ್ಕವಿಲ್ಲದ, ಪಟ್ಟಣದಲ್ಲಿ ನಂಟರಿಲ್ಲದ ಹಳ್ಳಿಯ ಹುಡುಗನಿಗೆ ಬೆಂಗಳೂರೂ ಮದರಾಸಿನಷ್ಟೇ ದೂರವಾಗಿತ್ತು. ಲಿಂಗಾಯತರು, ಒಕ್ಕಲಿಗರು ಮೊದಲಾದ ಸಮಾಜಗಳವರು 1917ರಲ್ಲಿ ಪ್ರಜಾಮಿತ್ರ ಮಂಡಳಿಯ ಮೂಲಕ ಸರ್ಕಾರಿ ಹುದ್ದೆಗಳಲ್ಲಿ ತಮಗೆ ಪ್ರಾತಿನಿಧ್ಯ ಬೇಕೆಂದು ಕೇಳಿದರು. ಯೋಗ್ಯತೆಯೊಂದೇ ಅಳತೆಗೋಲಾಗಬೇಕೆಂಬುದು ದಿವಾನರ ಮತ. ಅವಕಾಶ ದೊರೆಯದವರು ಯೋಗ್ಯತೆಯನ್ನು ತೋರುವುದೆಂತು ಎಂಬುದು ಮಂಡಳಿಯವರ ಪ್ರಶ್ನೆ. ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಆ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ಅಧಿಕಾರವನ್ನು ತ್ಯಜಿಸಿದರು. ಅವರ ಹಿರಿಮೆಯನ್ನು ಒಪ್ಪಿಕೊಂಡೇ, ಮಂಡಳಿಯವರ ಪ್ರಶ್ನೆಯಲ್ಲಿ ನ್ಯಾಯವಿತ್ತೆಂದು ಹೇಳಲು ನಾವು ಹಿಂಜರಿಯಬೇಕಾಗಿಲ್ಲ. ಅವರಿಗೇ ಆದರೂ ಮಾವನ ಮನೆಯ ಅನ್ನ, ಮುದ್ದಯ್ಯನವರ ಮನೆಯ ನೆರಳು, ಸರ್ಕಾರದ ವಿದ್ಯಾರ್ಥಿವೇತನ ಇವು ಇಲ್ಲದಿದ್ದರೆ ಪ್ರತಿಭೆಯೊಂದರಿಂದಲೇ ಪುಣೆಯನ್ನು ಮುಟ್ಟುವುದು ಸಾಧ್ಯವಿರಲಿಲ್ಲ.

ಈ ಕೊರತೆಯನ್ನು ತುಂಬಿದವರು ದಾನಿಗಳು ಮತ್ತು ಮಠಗಳು. ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಕಟ್ಟಿಸಿದ ಛತ್ರವು ಪ್ರಯಾಣಿಕರಿಗೆ ತಂಗುದಾಣವಾದಂತೆ ವಿದ್ಯಾರ್ಥಿಗಳಿಗೆ ನಿಲಯವೂ ಆಯಿತು. ಇಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿ ಇದ್ದುಕೊಂಡು, ವಿಶ್ವೇಶ್ವರಯ್ಯನವರು ಓದಿದ ಅದೇ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗಮಾಡಿದ ತರುಣರೊಬ್ಬರು 1930ರಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಗಳಾಗಿ ಶ್ರೀ ಶಿವಕುಮಾರ ಸ್ವಾಮಿಗಳೆನಿಸಿ, ಸಾವಿರಾರು ಮಕ್ಕಳಿಗೆ ಅನ್ನ ವಿದ್ಯೆಗಳನ್ನು ನೀಡಿದರು. ವಿಶ್ವವಿದ್ಯಾನಿಲಯವನ್ನು ಸರ್ಕಾರ ಕಟ್ಟೀತು; ಆದರೆ ಅದರ ಮೆಟ್ಟಿಲನ್ನು ಬಡ ಬಾಲಕನು ಏರುವಂತೆ ಕೈಹಿಡಿಯುವುದು ದಾಸೋಹಧರ್ಮ. ವಿಶ್ವೇಶ್ವರಯ್ಯನವರು ಕೂಡ ಭದ್ರಾವತಿಯ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ವೃತ್ತಿಶಿಕ್ಷಣದ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟು, ಅದಕ್ಕೆ ತಮ್ಮ ಹೆಸರನ್ನಿಡದೆ ಜಯಚಾಮರಾಜೇಂದ್ರ ಒಡೆಯರವರ ಹೆಸರನ್ನೇ ಇಡಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿಯಿಂದ ಭೂಷಿತರಾದ ಅವರು ನೂರು ವರ್ಷಗಳ ತುಂಬುಬಾಳನ್ನು ಬಾಳಿ 1962ರ ಏಪ್ರಿಲ್‌ನಲ್ಲಿ ದಿವಂಗತರಾದರು.

ಇಂದಿನ ವಿದ್ಯಾರ್ಥಿಗೆ ದಾರಿ ತೋರುವ ಅಧ್ಯಾಪಕರೂ ಪೋಷಕರೂ ಈ ಜೀವನದಿಂದ ಅರಿಯಬೇಕಾದದ್ದು ಸ್ಪಷ್ಟವಾಗಿದೆ. ಮೊದಲು ಕೇಳಬೇಕಾದದ್ದು ಮಗುವಿನ ಒಲವು ಯಾವ ವಿದ್ಯೆಯಲ್ಲಿದೆ ಎಂಬುದನ್ನು. ವಿಶ್ವವಿದ್ಯಾನಿಲಯದ ಹೆಸರು ಅನಂತರದ ಮಾತು. ಆ ವಿದ್ಯೆಯನ್ನು ಬಲ್ಲ ಅಧ್ಯಾಪಕರು ಅಲ್ಲಿದ್ದಾರೆಯೆ, ಗ್ರಂಥಾಲಯ ಪ್ರಯೋಗಾಲಯಗಳು ಹೇಗಿವೆ, ಉಳಿಯಲು ನಿಲಯವುಂಟೆ, ವಿದ್ಯಾರ್ಥಿವೇತನ ದೊರೆಯುವುದೆ, ಪದವಿಯ ಕೊನೆಗೆ ಯಾವ ಬಾಗಿಲು ತೆರೆಯುತ್ತದೆ ಎಂಬುದನ್ನು ವಿಚಾರಿಸಬೇಕು. ಸಾವಿರಾರು ವಿದ್ಯಾರ್ಥಿಗಳಿರುವ ದೊಡ್ಡ ಸಂಸ್ಥೆಯಲ್ಲಿ ಶಿಸ್ತಿಲ್ಲದವನು ಕಳೆದುಹೋಗುತ್ತಾನೆ; ಶಿಸ್ತುಳ್ಳವನು ಅಲ್ಲಿಯೂ ಒಬ್ಬ ವಾಟರ್ಸರ ಕಣ್ಣಿಗೆ ಬೀಳುತ್ತಾನೆ. ದೂರವು ಭಯಕ್ಕೆ ಕಾರಣವಾಗಬಾರದು, ಸಮೀಪವು ತಾತ್ಸಾರಕ್ಕೆ ಕಾರಣವಾಗಬಾರದು. ಆಯ್ಕೆ ವಿದ್ಯಾರ್ಥಿಯದು, ಆ ಆಯ್ಕೆಯು ಹಣದ ಅಭಾವದಿಂದ ಮುರಿಯದಂತೆ ನೋಡಿಕೊಳ್ಳುವ ಹೊಣೆ ಸಮಾಜದ್ದು.

ನಮ್ಮ ವಿದ್ಯಾಲಯದಿಂದ ಹೊರಬೀಳುವ ಪ್ರತಿಯೊಬ್ಬ ವಿದ್ಯಾರ್ಥಿಯೂ ವಿದ್ಯೆಯನ್ನು ಕಾಯಕವೆಂದು ಅರಿತು ತನಗೆ ತಕ್ಕ ದಾರಿಯನ್ನು ಹಿಡಿಯಲಿ; ಆ ದಾರಿಯಲ್ಲಿ ನಡೆದು ನೆಲೆನಿಂತ ಹಳೆಯ ವಿದ್ಯಾರ್ಥಿಗಳು ಹಿಂದೆ ಬರುವವರಿಗೆ ಕೈನೀಡಲಿ. ಶ್ರೀಗುರುವಿನ ಕೃಪೆ ಎಲ್ಲರ ಮೇಲಿರಲಿ.